ಜೂನ್‌ನಲ್ಲಿ ಐಸ್‌ಲ್ಯಾಂಡ್

ಇಚಿಕಾವಾ, ಜಪಾನ್
12 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಅಹಲ್ಯಾ,

ಮೈಸೂರಿನಲ್ಲಿ ನೀನು, ನಿಮ್ಮಣ್ಣ ರಾಮಪ್ರಸಾದ, ಮನೆಯವರೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನನಗೂ ಮೈಯಲ್ಲಿ ಏನೂ ತೊಂದರೆಯಿಲ್ಲ. ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ನೀನು ಅಣ್ಣನ ಮಗನ ಮದುವೆಗೆಂದು ಹೋಗಿ ಮೂರು ತಿಂಗಳಾಯಿತು. ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದುಕೊಳ್ಳುತ್ತಲೇ ಇವತ್ತು ಕೂತಿದ್ದೇನೆ.

ಫೋನಿರುವಾಗ ಕಾಗದ ಏಕೆ ಎಂದು ನೀನು ಹುಬ್ಬು ಗಂಟಿಕ್ಕಬಹುದು. ಫೋನಿನಲ್ಲಿ ನಾವು ಮಾತಾಡುವುದಾದರೂ ಏನು? 'ಊಟ ಆಯ್ತಾ' ಎಂದು ನಾನು. 'ಆಯ್ತು, ನಿಮ್ದು?' ಎಂದು ನೀನು. ಹಿಂದಿನಿಂದ ರಾಮಪ್ರಸಾದನ ಮನೆಯ ಟೀವಿ. ಆಮೇಲೆ ಇಬ್ಬರೂ ಸುಮ್ಮನೆ. ನಿಶ್ಚಿತಾರ್ಥವಾದ ಮೇಲೆ ನಿನಗೆ ನಾಲ್ಕು ಕಾಗದ ಬರೆದಿದ್ದೆ. ಮೂವತ್ತು ವರ್ಷದ ನಂತರ ಇದು ಐದನೆಯದು. ಕೈಬರಹ ಕಾಗೆಕಾಲಾಗಿದೆ, ಹೇಗೋ ಓದಿಕೊ.

ಫುನಾಬೊರಿಯಲ್ಲಿ ನಿನ್ನ ಭಾನುವಾರದ ಕನ್ನಡ ಪಾಠವನ್ನು ಸಂಜನಾ ನಡೆಸುತ್ತಿದ್ದಾಳೆ. ಹೋದ ವಾರ ಸ್ಟೇಷನ್ನಿನಲ್ಲಿ ಸಿಕ್ಕಿದ್ದಳು. "ಅಂಕಲ್, ಮಕ್ಕಳು ನನ್ ಮಾತೇ ಕೇಳಲ್ಲ. ಅಹಲ್ಯಾ ಆಂಟಿ ಯಾವಾಗ ಬರ್ತಾರೆ ಅಂತ ಪ್ರತಿ ವಾರ ಪ್ರಾಣ ತಿಂತಾರೆ. ಏನ್ ಹೇಳ್ಲಿ?" ಎಂದಳು. ದೀಪಾವಳಿ ಹೊತ್ತಿಗೆ ಬರಬಹುದು ಎಂದೆ. ನೀನು ಎರಡನೇ ಸಲ ಟಿಕೆಟ್ ಮುಂದೆ ಹಾಕಿದ್ದೀಯೆಂದು ಹೇಳಲು ಬಾಯಿ ಬರಲಿಲ್ಲ.

ಮನೆಯಲ್ಲಿ ಕೂರಲಾಗುತ್ತಿಲ್ಲ, ಅಹಲ್ಯಾ. ಮಾರ್ಚಿನಲ್ಲಿ ಕೆಲಸ ಬಿಟ್ಟಾಗ ಇಷ್ಟು ದೊಡ್ಡ ದಿನಗಳು ಬರುತ್ತವೆಂದು ಗೊತ್ತಿರಲಿಲ್ಲ. ಬೆಳಿಗ್ಗೆ ಎದೊಗಾವಾ ನದಿಯ ದಂಡೆಯ ಮೇಲೆ ಕಾಲು ನೋಯುವವರೆಗೆ ನಡೆದು ಬರುತ್ತೇನೆ. ಚಹಾ ಮಾಡಿಟ್ಟು ಕುಡಿಯದೆ ಮತ್ತೆ ಚಪ್ಪಲಿ ಮೆಟ್ಟುತ್ತೇನೆ. ಈ ಕಾಗದವನ್ನೂ ದಂಡೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪ್ಯಾಡು, ಪೆನ್ನು ಎರಡೂ ಈಗಷ್ಟೇ ಕೊಂಬಿನಿ ಅಂಗಡಿಯಲ್ಲಿ ಕೊಂಡದ್ದು.

ಈಗ ಸಂಗತಿಗೆ ಬರುತ್ತೇನೆ, ನಗಬೇಡ. ಬರುವ ಜೂನ್‌ನಲ್ಲಿ ನಾವಿಬ್ಬರೂ ಐಸ್‌ಲ್ಯಾಂಡಿಗೆ ಹೋಗುತ್ತಿದ್ದೇವೆ. ಒಂಬತ್ತು ದಿನ. ಬಾವುಟ ಹಿಡಿದವರ ಹಿಂದೆ ಓಡುವ ಗುಂಪಿನ ಟೂರ್ ಅಲ್ಲ. ನಮಗಾಗಿಯೇ ಒಂದು ಕಾರು, ಒಬ್ಬ ಗೈಡು. ಆ ದ್ವೀಪದ ಸುತ್ತ ಒಂದೇ ಹೆದ್ದಾರಿಯಿದೆ, ಹೊರಟಲ್ಲಿಗೇ ತಂದು ಬಿಡುತ್ತದೆ. ದಾರಿಯಲ್ಲಿ ನೆಲದಿಂದ ಚಿಮ್ಮುವ ಬಿಸಿನೀರು, ಕಪ್ಪು ಮರಳಿನ ಮೇಲೆ ಬಂದು ಬೀಳುವ ಮಂಜುಗಡ್ಡೆಗಳು, ನಮ್ಮ ಒಂದು ಜಿಲ್ಲೆಯಷ್ಟು ಅಗಲದ ಹಿಮನದಿ. ಮಲಗುವ ಕೋಣೆಯ ಗಾಜಿನಾಚೆಗೇ ಬಿಸಿನೀರಿನ ಕೊಳ. ಊಟದ ಚಿಂತೆ ಬೇಡ. ಅಲ್ಲಿ ಭೂಮಿಯ ಶಾಖದಿಂದಲೇ ಗಾಜಿನ ಮನೆಯೊಳಗೆ ಟೊಮೇಟೊ ಬೆಳೆಯುತ್ತಾರಂತೆ, ಬಿಸಿ ಮಣ್ಣಿನಲ್ಲಿ ಹೂತು ಬ್ರೆಡ್ಡು ಬೇಯಿಸುತ್ತಾರಂತೆ. ಒಂದೊಂದು ಹೋಟೆಲಿಗೂ ನಮ್ಮ ಸಸ್ಯಾಹಾರದ ಬಗ್ಗೆ ಬರೆದು, ಮೊಟ್ಟೆಯೂ ಬೇಡವೆಂದು ಒಪ್ಪಿಸಿಯಾಗಿದೆ.

ಒಪ್ಪಿಸಿದವರು ಮೊರಿಯಾಮಾ-ಸಾನ್. ನಿಹೊನ್‌ಬಾಶಿಯ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಇಂಥ ಪ್ರವಾಸಗಳನ್ನೇ ರೂಪಿಸುವ ಹೆಂಗಸು. ನಲವತ್ತರ ಆಸುಪಾಸು, ಮೆಲುಮಾತು. ಆ ದ್ವೀಪವನ್ನು ತಾವೇ ನಾಲ್ಕು ಸಲ ಸುತ್ತಿದ್ದಾರೆ. ಮೊದಲ ದಿನವೇ ನಾಲ್ಕು ಪುಟದ ಪ್ರಶ್ನೆಗಳನ್ನು ಮುಂದಿಟ್ಟರು. ಒಂದು ಸಾಲು ನನಗೆ, ಪಕ್ಕದ ಸಾಲು 'ಓಕುಸಾಮಾ'ಗೆ, ಅಂದರೆ ನನ್ನ ಮನೆಯವರಿಗೆ, ಅಂದರೆ ನಿನಗೆ. ನನ್ನದು ಐದು ನಿಮಿಷದಲ್ಲಿ ಮುಗಿಯಿತು. ನಿನ್ನ ಸಾಲಿನಲ್ಲಿ ಪೆನ್ನು ನಿಂತಿತು. ಸುಸ್ತಾಗದೆ ಎಷ್ಟು ದೂರ ನಡೆಯುತ್ತಾರೆ? ಎತ್ತರವೆಂದರೆ ಭಯವೇ? ಕಾರಿನಲ್ಲಿ ಮಾತು ಇಷ್ಟವೋ, ಮೌನವೋ? ನೀರಿನ ಹತ್ತಿರ ಉಳಿಯುವುದಾದರೆ ಎಂಥ ನೀರು: ಬೀಳುವುದೋ, ನಿಂತದ್ದೋ, ಸಮುದ್ರವೋ?

"ಅವರನ್ನೇ ಕೇಳಿ ಬರೆಯಬಹುದಲ್ಲ?" ಎಂದರು ಮೊರಿಯಾಮಾ-ಸಾನ್.

"ಅವಳಿಗೆ ಇನ್ನೂ ಹೇಳಿಲ್ಲ" ಎಂದೆ.

"ಮೂವತ್ತು ವರ್ಷದ ಸಂಸಾರ ಎಂದಿರಿ. ಅವಸರವಿಲ್ಲ, ನೆನಪಿಸಿಕೊಂಡು ಬರೆಯಿರಿ."

ನೆನಪಿಸಿಕೊಂಡೆ. ನಮ್ಮ ನಿಶಾ ಸಣ್ಣವಳಿದ್ದಾಗ ನಿಕ್ಕೋಗೆ ಹೋಗಿದ್ದೆವಲ್ಲ, ಜಲಪಾತದ ಎದುರು ನೀನು ಬಹಳ ಹೊತ್ತು ನಿಂತಿದ್ದೆ. ಇಷ್ಟವಾಗಿ ನಿಂತಿದ್ದೆಯೋ, ಆಫೀಸಿನವರ ಜೊತೆ ನನ್ನ ಫೋನು ಮುಗಿಯಲಿ ಎಂದು ಕಾಯುತ್ತಿದ್ದೆಯೋ? ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಕೊನೆಗೆ ಎಲ್ಲ ಪ್ರಶ್ನೆಗೂ 'ಯಾವುದಾದರೂ ಆಗುತ್ತದೆ' ಎಂದು ಬರೆದುಕೊಟ್ಟೆ. ಅವರು ಅದನ್ನು ಓದಿ ಮಡಚಿಟ್ಟರು.

ಅಂದಿನಿಂದ ಯೋಜನೆಯನ್ನು ಏಳು ಸಲ ಬದಲಾಯಿಸಿದ್ದೇನೆ. ಹಿಮನದಿಯ ಮೇಲೆ ಇಳಿಯುವ ಹೆಲಿಕಾಪ್ಟರನ್ನು ಸೇರಿಸಿದೆ. ವಿಮಾನ ಇಳಿಯುವಾಗ ನೀನು ನನ್ನ ತೋಳು ಹಿಡಿಯುತ್ತೀಯಲ್ಲ ಎಂದು ತೆಗೆಸಿದೆ. ಎರಡು ದಿನ ಬಿಟ್ಟು ಮತ್ತೆ ಸೇರಿಸಿದೆ. ಮೊರಿಯಾಮಾ-ಸಾನ್ ಒಮ್ಮೆಯೂ ಬೇಸರಿಸಲಿಲ್ಲ. ಐದನೇ ದಿನ, ತಿಮಿಂಗಿಲ ನೋಡಿ ಬಂದ ಮೇಲೆ, ಅರ್ಧ ದಿನ ಏನೂ ಇಟ್ಟುಕೊಳ್ಳದೆ ಬಿಡೋಣವೇ ಎಂದು ಮಾತ್ರ ಕೇಳಿದರು. "ಬೇಡ, ಒಂದು ಗಂಟೆಯೂ ಖಾಲಿ ಬೇಡ" ಎಂದುಬಿಟ್ಟೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. ಅವರು ನಕ್ಕು, "ಅಲ್ಲಿ ನೋಡಬೇಕಾದ್ದನ್ನು ನೋಡಲು ಸ್ವಲ್ಪ ಸುಮ್ಮನೆ ಕೂರಬೇಕಾಗುತ್ತದೆ, ಅದಕ್ಕೇ ಕೇಳಿದೆ" ಎಂದರು.

ಗಾಳಿ ಜೋರಾಯಿತು, ಹಾಳೆ ಹಾರುತ್ತಿದೆ. ಉಳಿದದ್ದು ಆಮೇಲೆ.

18 ಅಕ್ಟೋಬರ್, ಶನಿವಾರ, ರೈಲಿನಲ್ಲಿ

ಆರು ದಿನ ಬಿಟ್ಟು ಮುಂದುವರಿಸುತ್ತಿದ್ದೇನೆ. ನಿಶಾಳನ್ನು ನೋಡಲು, ಅವಳು ಓದುವ ನೋಮಿಗೆ ಹೊರಟಿದ್ದೇನೆ. ಹೇಳದೆ ಕೇಳದೆ ಹೊರಟದ್ದಲ್ಲ. "ಅಪ್ಪಾ, ಲ್ಯಾಬಲ್ಲಿ ಬ್ಯುಸಿ. ಬಟ್ ಶನಿವಾರ ಲಂಚ್‌ಗೆ ಬಾ, ದೈಜೋಬು, ತೊಂದ್ರೆ ಇಲ್ಲ" ಎಂದಳು. ಮೊರಿಯಾಮಾ-ಸಾನ್ ಇಡೀ ಯೋಜನೆಯನ್ನು ಚಿತ್ರಗಳ ಸಮೇತ ಪುಸ್ತಕದ ಹಾಗೆ ಮಾಡಿಕೊಟ್ಟಿದ್ದಾರೆ. ಅದನ್ನು ಅವಳಿಗೆ ತೋರಿಸಬೇಕು. ನಿನ್ನ ಸಾಲಿನ ಉತ್ತರಗಳು ಅವಳಿಗೆ ಗೊತ್ತಿರಬಹುದು. ಕಿಟಕಿಯಾಚೆ ಆಗಾಗ ಜಪಾನ್ ಸಮುದ್ರ ಕಾಣಿಸಿ ಸುರಂಗದಲ್ಲಿ ಮಾಯವಾಗುತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಸುಲಿದ ಕಿತ್ತಳೆಯಲ್ಲಿ ಅರ್ಧ ಕೊಟ್ಟು, ಯಾವ ಭಾಷೆ ಬರೆಯುತ್ತಿದ್ದೀರಿ, ಅಕ್ಷರ ಎಷ್ಟು ಗುಂಡಗಿವೆ ಎಂದರು. ಹೆಂಡತಿಗೆ ಕಾಗದ ಎಂದೆ. ಎರಡೂ ಕೈ ಬಾಯಿಗಿಟ್ಟುಕೊಂಡು ಸಂತೋಷಪಟ್ಟರು.

20 ಅಕ್ಟೋಬರ್, ಸೋಮವಾರ, ಮನೆಯಲ್ಲಿ

ಇವತ್ತು ದೀಪಾವಳಿ. ದೇವರ ಮುಂದೆ ದೀಪ ಹಚ್ಚಿ ಬಂದು ಕೂತಿದ್ದೇನೆ.

ನಿಶಾ ಚೆನ್ನಾಗಿದ್ದಾಳೆ. ಸ್ವಲ್ಪ ಇಳಿದಿದ್ದಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ನಿನಗೆ ಹೇಳಬೇಡವೆಂದಳು, ಹೇಳಿದ್ದೇನೆ. ನೀರು ಶುದ್ಧಮಾಡುವ ಅದೇನೋ ತೆಳುಪೊರೆಯ ಮೇಲೆ ಅವಳ ಸಂಶೋಧನೆ. ಗುಡ್ಡದ ಮೇಲಿನ ಅವರ ಕ್ಯಾಂಟೀನಿನಲ್ಲಿ ಕೂತು ಪುಸ್ತಕ ತೋರಿಸಿದೆ. ಮಂಜುಗಡ್ಡೆಯ ಚಿತ್ರ ಕಂಡು "ಸುಗೋಯಿ! ಅಪ್ಪಾ, ನೀನು ಇದನ್ನೆಲ್ಲ ಮಾಡಿದ್ದಾ?" ಎಂದಳು. ಹಾಳೆ ತಿರುವುತ್ತ ಹೋದಳು. ಆರನೇ ದಿನದ ಹಾಳೆಯಲ್ಲಿ ನಿಂತಳು.

"ಜೂನ್ ಫಿಫ್ಟೀನ್ತ್," ಎಂದಳು. "ಅಪ್ಪಾ, ಅದು ಅಜ್ಜಿ ಹೋದ ದಿನ."

"ತಿಥಿ ಬೇರೆ ದಿನ ಬರುತ್ತೆ ಕಣೇ, ನೋಡಿದೀನಿ."

"ಅಮ್ಮ ತಿಥಿ ಅಷ್ಟೇ ಅಲ್ಲ, ಫಿಫ್ಟೀನ್ತ್ ಕೂಡ ಏನೂ ತಿನ್ನಲ್ಲ. ಫುಲ್ ಡೇ. ಎವ್ರಿ ಇಯರ್." ನನ್ನ ಮುಖವನ್ನೇ ನೋಡಿದಳು. "ಯು ಡಿಡಂಟ್ ನೋಟಿಸ್?"

ಗಮನಿಸಿರಲಿಲ್ಲ, ಅಹಲ್ಯಾ. ಐದು ಜೂನ್‌ಗಳು ಕಳೆದಿವೆ. ನೀನು ನನಗೆ ಬಡಿಸಿ ಎದುರಿಗೆ ಕೂತಿರುತ್ತಿದ್ದೆ. ಆಮೇಲೆ ಮಾಡುತ್ತೇನೆ ಎನ್ನುತ್ತಿದ್ದೆ. ನಾನು ಊಟ ಮುಗಿಸಿ ಏಳುತ್ತಿದ್ದೆ.

ನಿಶಾ ಪುಸ್ತಕ ಮುಚ್ಚಿದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ಇಂಗ್ಲಿಷಿಲ್ಲ, ಜಪಾನಿಯಿಲ್ಲ, ತಡವರಿಸುತ್ತ, ಒಂದೊಂದೇ ಶಬ್ದ ಹುಡುಕಿ, ಪೂರ್ತಿ ಕನ್ನಡದಲ್ಲಿ. ನೀನು ಕಲಿಸಿದ ಕನ್ನಡ. ಅದನ್ನು ಇಲ್ಲಿ ಬರೆಯಲು ಹೊರಟು ಎರಡು ಹಾಳೆ ಹರಿದು ಹಾಕಿದೆ. ಕ್ಯಾಂಟೀನಿನಿಂದ ಬಸ್ ಸ್ಟಾಪಿನವರೆಗೆ ಅವಳು ನನ್ನ ಕೈ ಹಿಡಿದುಕೊಂಡು ಬಂದಳು. ಬಸ್ಸು ಬಂದಾಗ "ಅಪ್ಪಾ, ಐಸ್‌ಲ್ಯಾಂಡ್ ಬೇಡ. ಮೊದಲು ಹೇಳು" ಎಂದಳು, ಅಷ್ಟೇ.

ಇವತ್ತು ಬೆಳಿಗ್ಗೆ ನಿಹೊನ್‌ಬಾಶಿಗೆ ಹೋಗಿ ಪ್ರವಾಸವನ್ನು ನಿಲ್ಲಿಸಿ ಎಂದೆ. ಕಾರಣ ಕೇಳಿದರೆ ಏನು ಹೇಳಬೇಕೆಂದು ರೈಲಿನುದ್ದಕ್ಕೂ ಯೋಚಿಸಿಕೊಂಡಿದ್ದೆ. ಮೊರಿಯಾಮಾ-ಸಾನ್ ಕೇಳಲೇ ಇಲ್ಲ. ನನ್ನ ಕಡತವನ್ನು ತೆರೆದು ಆ ನಾಲ್ಕು ಪುಟಗಳನ್ನು ಹೊರಗೆ ತೆಗೆದರು. "ಓಕುಸಾಮಾ ಅವರ ಸಾಲಿನಲ್ಲಿ ಅವರ ಉತ್ತರ ಒಂದೂ ಇಲ್ಲ. ಅವರೇ ಬಂದು ಬರೆಯುವ ಮನಸ್ಸು ಮಾಡಿದರೆ, ಎಲ್ಲಿಗಾದರೂ ಸರಿ, ಆಗ ಹೊಸದಾಗಿ ಶುರುಮಾಡೋಣ" ಎಂದರು. ಲಿಫ್ಟಿನವರೆಗೂ ಬಂದು, ಬಾಗಿಲು ಮುಚ್ಚುವತನಕ ತಲೆ ಬಾಗಿಸಿಯೇ ನಿಂತಿದ್ದರು.

ಇನ್ನು ನಿಲ್ಲಿಸುತ್ತೇನೆ. ನಿಮ್ಮಣ್ಣ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಹೊಸ ದಂಪತಿಗೆ ಆಶೀರ್ವಾದ, ನೂರು ಕಾಲ ಚೆನ್ನಾಗಿರಲಿ, ಒಬ್ಬರಿಗೊಬ್ಬರು ಎಲ್ಲವನ್ನೂ ಹೇಳಿಕೊಳ್ಳುವಂತಾಗಲಿ. ನಿನಗೆ ಯಾವ ದೇವರಲ್ಲಿ ಏನು ಬೇಡಬೇಕೋ ತಿಳಿಯುತ್ತಿಲ್ಲ. ನೀನಿರುವಲ್ಲಿ ನಿನ್ನ ಮನಸ್ಸಿಗೆ ಹಿತವಾಗಿರಲಿ.

ಇತಿ ನಿನ್ನ,
ಪದ್ಮನಾಭ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಇದಕ್ಕಾಗಿಯೇ ಇಷ್ಟೆಲ್ಲ ಬರೆದೆ ಎಂದು ಈಗ ಅರ್ಥವಾಗುತ್ತಿದೆ.

ನಿಶಾ ಹೇಳಿದ್ದು ಇದು: "ನನಗೆ ಗೊತ್ತು ಅಪ್ಪಾ. ಆ ದಿನ ನಾನು ಪಕ್ಕದ ಕೋಣೆಯಲ್ಲಿದ್ದೆ. ನೀನು ಬೇಡ ಅಂದಿದ್ದು ಕೇಳಿಸ್ತು."

2020ರ ಜೂನ್ ಮೂರು. ಅತ್ತೆಯವರು ಆಸ್ಪತ್ರೆಯಲ್ಲಿದ್ದರು. ದೆಹಲಿಗೆ ಹೋಗುವ ವಿಶೇಷ ವಿಮಾನಕ್ಕೆ ನಿನ್ನ ಹೆಸರು ಬರೆಸಿದ್ದೆವು. ಬೆಳಿಗ್ಗೆ ಹತ್ತಕ್ಕೆ ರಾಯಭಾರ ಕಚೇರಿಯಿಂದ ಫೋನ್ ಬಂತು. ಪಾಪ, ಒಳ್ಳೆಯ ಮನುಷ್ಯ. "ಒಬ್ಬರು ಬಿಟ್ಟುಕೊಟ್ಟಿದ್ದಾರೆ, ನಾಳೆಯ ವಿಮಾನದಲ್ಲಿ ನಿಮ್ಮ ಶ್ರೀಮತಿಯವರಿಗೆ ಜಾಗ ಇದೆ, ಈಗಲೇ ಹೇಳಿ" ಎಂದರು. ನೀನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಗಾಜಿನಾಚೆ ನಿನ್ನ ಬೆನ್ನು ಕಾಣುತ್ತಿತ್ತು. ನಾನು ಬೇಡವೆಂದೆ.

ಹೊರಗೆ ಹೋದ ವಿದೇಶಿಯರನ್ನು ಆಗ ಮತ್ತೆ ಒಳಗೆ ಬಿಡುತ್ತಿರಲಿಲ್ಲ, ನಿಶಾಳ ಶಾಲೆಯ ಕೊನೆಯ ವರ್ಷ, ದಾರಿಯಲ್ಲಿ ನಿನಗೇ ಸೋಂಕು ತಗುಲಿದರೆ: ಇದನ್ನೆಲ್ಲ ನನಗೆ ನಾನೇ ಐದು ವರ್ಷ ಹೇಳಿಕೊಂಡಿದ್ದೇನೆ. ಅದ್ಯಾವುದೂ ಅಲ್ಲ. ನೀನಿಲ್ಲದೆ ಆ ಮನೆಯಲ್ಲಿ, ಎಷ್ಟು ತಿಂಗಳೋ ಗೊತ್ತಿಲ್ಲದೆ, ಇರಲು ನನಗೆ ಹೆದರಿಕೆಯಾಯಿತು. ಅಷ್ಟೇ ಕಾರಣ.

ಬಾಲ್ಕನಿಗೆ ಬಂದು "ಸಿಗ್ಲಿಲ್ಲ, ಅಹಲ್ಯಾ" ಎಂದೆ. ನೀನು ಕೈಯಲ್ಲಿದ್ದ ಟವೆಲ್ಲನ್ನು ನಿಧಾನವಾಗಿ ತಂತಿಗೆ ಹಾಕಿದೆ. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು ನನ್ನನ್ನೇ ಸಮಾಧಾನ ಮಾಡಿದೆ. "ನೀವು ಇಷ್ಟೊಂದು ಓಡಾಡಿದ್ರಲ್ಲ, ಇನ್ನೇನ್ ಮಾಡಕ್ಕಾಗತ್ತೆ ಬಿಡಿ" ಎಂದೆ.

ನಾನು ಅಲ್ಲಿಗೆ ಬರುವುದಿಲ್ಲ, ನೀನು ಬಾ ಎಂದೂ ಕೇಳುವುದಿಲ್ಲ. ನಿನ್ನಿಂದ ಏನು ಬಂದರೂ, ಏನೂ ಬರದಿದ್ದರೂ, ಅದನ್ನು ಒಪ್ಪಿಕೊಳ್ಳುತ್ತೇನೆ. ಅತ್ತೆಯವರು ಆ ಫೋನ್ ಬಂದ ಮೇಲೆ ಹನ್ನೆರಡು ದಿನ ಇದ್ದರು. ಪ್ರಯಾಣ, ಇಳಿದವರನ್ನು ಹೋಟೆಲಿನಲ್ಲಿ ಕೂಡಿಹಾಕುತ್ತಿದ್ದ ಏಳು ದಿನ, ಎಲ್ಲ ಕಳೆದರೂ ನಿನಗೆ ನಾಲ್ಕು ದಿನ ಸಿಗುತ್ತಿತ್ತು.