ಅಂಗೈಯಗಲದ ವಿಡಿಯೋ ಗೇಮ್

ಲೋ ತಮ್ಮಾ,

ನಮ್ಮ ಹಳೇ ವಿಡಿಯೋ ಗೇಮು ಅಂಗೈಯಗಲ ಆಗಿ ಮತ್ತೆ ಬಂತು ಅಂತ ಬೆಳಗಿನ ಜಾವವೇ ಅಂಗಡಿ ಮುಂದೆ ಕ್ಯೂ ನಿಂತವಳು ನಾನು. ನನ್ನ ಮುಂದಿದ್ದವನಿಗೆ ಕೊನೇದನ್ನ ಕೊಟ್ಟು ಷಟರ್ ಎಳೆದರು. ನೀನು ಹಾಸಿಗೆಯಲ್ಲಿ ಬಿದ್ಕೊಂಡು ಫೋನ್ ಒತ್ತಿದೆ, ಮನೆಗೇ ಬಂತು! ಹೊಟ್ಟೆ ಉರೀತಿದೆ, ಸುಳ್ಳು ಯಾಕೆ ಹೇಳ್ಲಿ.

ಹಾಲು ಕಾಯಿಸಿಟ್ಟಿದ್ದೀನಿ, ಕುಡಿ. ಗೀಸರ್ ಆಫ್ ಮಾಡೋದು ಮರೀಬೇಡ.

ಆಗೆಲ್ಲ ಕ್ಯಾಸೆಟ್ಟಿನ ಧೂಳು ಊದಿದವರಿಗೇ ಮೊದಲ ಆಟ. ಊದ್ತಿದ್ದವಳು ನಾನೇ. ಇದಕ್ಕೆ ಕ್ಯಾಸೆಟ್ಟೇ ಇಲ್ಲ, ಅದನ್ನ ಹಾಕೋ ಜಾಗದ ಮುಚ್ಚಳ ಬರೀ ಶೋಕಿಗೆ. ಹಾಗಂತ ನನ್ನನ್ನ ಬಿಟ್ಟು ಮಹಡಿ ಮನೆ ದರ್ಜಿಯನ್ನ ಆಟಕ್ಕೆ ಕರೆಯೋದಾ?

ಬರಲಿ ಬಿಡು. ಟೀ ಮಾಡಿಕೊಡು. ಎರಡನೇ ರಿಮೋಟ್ ಮಾತ್ರ ಹುಡುಕಬೇಡ. ಅದು ನನ್ನ ಜೊತೆ ಆಸ್ಪತ್ರೆಗೆ ಡ್ಯೂಟಿಗೆ ಬಂದಿದೆ.

ಅಕ್ಕ