ಆಟಿಗೆ ಬಿದ್ದ ರಜೆ

ಶುವೈಖ್, ಕುವೈತ್
೪ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ನವ್ಯಾ,

ನಾನು ಕ್ಷೇಮ. ಮಲ್ಪೆಯಲ್ಲಿ ನೀನೂ ಅಮ್ಮನೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಬರೆಯುತ್ತೇನೆ ಬರೆಯುತ್ತೇನೆ ಎಂದು ಹೇಳಿ ಇಷ್ಟು ದಿನ ಸತಾಯಿಸಿದೆ, ಕ್ಷಮಿಸು. ನಮ್ಮ ರೂಮಿನ ಧನರಾಜ್ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಫೋನಿನಲ್ಲಿ ಏನು ಮಾತಾಡುವುದು ಹೇಳು? ಅಲ್ಲಿ ಸ್ಪೀಕರ್ ಹಾಕಿಸಿ ಅಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ಇಲ್ಲಿ ರೂಮಿನವರೆಲ್ಲ ಕಿವಿ ನಿಮಿರಿಸಿಕೊಂಡಿರುತ್ತಾರೆ. ನಾವು ಮಾತಾಡುವುದು ತುಳುವಿನಲ್ಲಿ, ಬರೆಯಲು ಮಾತ್ರ ಕನ್ನಡ. ಪತ್ರ ಶಾಲೆಯ ಮಾಸ್ತರರು ಬರೆದ ಹಾಗೆ ಕಂಡರೆ ನಗಬೇಡ.

ರಜೆ ಯಾಕೆ ಮುಂದೆ ಹೋಯಿತೆಂದು ನಿನಗೆ ಸರಿಯಾಗಿ ಹೇಳಲೇ ಇಲ್ಲ. ನನ್ನ ಬುದ್ಧಿವಂತಿಕೆಯಿಂದಲೇ ಹೋಯಿತು. ನಮ್ಮ ಬೋಟ್ ರಿಪೇರಿ ವರ್ಕ್‌ಶಾಪಿನ ಧಣಿ, ವೀಸಾ ಕೊಟ್ಟ ಕಫೀಲ್ ಅಬೂ ಫಹದ್‌ನದೇ ಒಂದು ಬೋಟ್ ಇದೆ. ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಬೋಟಿನ ತಳದಿಂದ ಹೊರಗೆ ಹೋಗುತ್ತದಲ್ಲ, ಅಲ್ಲಿ ನೀರು ಒಳಗೆ ಬಾರದಂತೆ ಒಂದು ಸೀಲ್ ಇರುತ್ತದೆ. ಅದು ತೊಟ್ಟಿಕ್ಕುತ್ತಿತ್ತು. ಊರಿನ ಬೋಟುಗಳಲ್ಲಿ ಆ ಜಾಗಕ್ಕೆ ಗ್ರೀಸ್ ಮೆತ್ತಿದ ಹಗ್ಗ ಸುತ್ತಿ ಬಿಗಿಯುತ್ತಾರೆ. ಶಾಫ್ಟ್ ಬಿಸಿಯಾಗದಿರಲು ಆಗೊಂದು ಈಗೊಂದು ಹನಿ ಬೀಳಲೇಬೇಕು. ಅದನ್ನು ನೋಡಿ ಬೆಳೆದವನು ನಾನು, ಇಲ್ಲೂ "ಬೀಳಲಿ ಬಿಡಿ, ಒಳ್ಳೆಯದೇ" ಎಂದು ದೊಡ್ಡ ಜನದ ಹಾಗೆ ಹೇಳಿಬಿಟ್ಟೆ. ಇದು ಹಗ್ಗದ್ದಲ್ಲ, ರಬ್ಬರಿನ ಸೀಲ್. ನೀರು ಹೊರಹಾಕುವ ಪಂಪ್ ಕೆಟ್ಟದ್ದೂ ಯಾರಿಗೂ ಗೊತ್ತಿರಲಿಲ್ಲ. ವಾರ ಕಳೆದು ಹೋಗಿ ನೋಡಿದರೆ ಬೋಟ್ ಕಟ್ಟಿದಲ್ಲೇ ಅರ್ಧ ಮುಳುಗಿದೆ, ಎಂಜಿನ್ ನೀರಿನಲ್ಲಿ!

ಫೋರ್ಮನ್ ಸಿರಾಜ್ ಉಳ್ಳಾಲದವರು. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಎಂಥ ಮಾರಾಯ ನೀನು! ಇದು ನಿಮ್ಮ ಮಲ್ಪೆಯ ಬೋಟಾ? ಇದ್ರಲ್ಲಿ ಒಂದು ಹನಿ ಸಹ ಬರ್ಲಿಕ್ಕಿಲ್ಲ." ಕಫೀಲ್ ಬೈಯಲೂ ಇಲ್ಲ. "ಪೆಹಲೇ ಬೋಟ್, ಬಾದ್ ಮೇ ಇಂಡಿಯಾ. ಖಲಾಸ್" ಎಂದು ಕಾರು ಹತ್ತಿದ. ಬೋಟ್ ಸರಿಯಾದ ಮೇಲೆಯೇ ಊರು, ಮಾತು ಮುಗಿಯಿತು. ಜೂನ್ ಆರಂಭದಲ್ಲಿ ಹೊರಡಬೇಕಿದ್ದವನು ಜೂನಿನ ಮುಕ್ಕಾಲು ಪಾಲು ಆ ಎಂಜಿನ್ ಬಿಚ್ಚಿ ಸರಿಮಾಡುತ್ತ ಕುಳಿತೆ.

ಆಮೇಲೆ ಶಾಫ್ಟಿನ ಕೆಲಸ. ಅದನ್ನು ಎಂಜಿನ್ನಿನಿಂದ ಬಿಡಿಸಿ, ಹಿಂದಕ್ಕೆ ಎಳೆದು, ಗೀರು ಬಿದ್ದಲ್ಲಿ ಉಜ್ಜಿ ನುಣುಪು ಮಾಡಿ ಹೊಸ ಸೀಲ್ ಕೂರಿಸಿದೆ. ಕಬ್ಬಿಣ ಮುಟ್ಟಿದರೆ ಅಂಗೈ ಸುಡುವ ಬಿಸಿಲು. ಬೋಟಿನ ತಳದಲ್ಲಿ ಮಲಗಿ ಕೆಲಸ ಮಾಡುವಾಗ ನಿನ್ನ ಹತ್ತಿರ ಮಾತಾಡುತ್ತಿದ್ದೆ, ಗಟ್ಟಿಯಾಗಿಯೇ. "ಯಾರೊಟ್ಟಿಗೆ ಮಾತು?" ಎಂದು ಸಿರಾಜ್ ಮೇಲಿನಿಂದ ಕೇಳಿದರು. ಹೆಂಡತಿಯೊಟ್ಟಿಗೆ ಎಂದೆ. ಅವರು ನಗಲಿಲ್ಲ. ಮೊನ್ನೆ ನೀರಿಗಿಳಿಸಿ ಓಡಿಸಿ ನೋಡಿದೆವು, ಒಂದು ಹನಿಯೂ ಇಲ್ಲ.

ರಜೆ ಸಿಕ್ಕಿದೆ ನವ್ಯಾ. ಜುಲೈ ಹದಿನೆಂಟರಿಂದ ಒಂದು ತಿಂಗಳು, ಸರಿಯಾಗಿ ಆಟಿ ತಿಂಗಳು! ಮದುವೆಯಾದ ಮೊದಲ ಆಟಿಗೆ ಪದ್ಧತಿಯಂತೆ ನೀನು ಹೆಜಮಾಡಿಯಲ್ಲಿ ತವರುಮನೆ ಸೇರಿರುತ್ತೀ, ಗಂಡ ಅತ್ತ ತಲೆ ಹಾಕುವ ಹಾಗಿಲ್ಲ. ಆಟಿ ಮುಗಿದು ಸೋಣ ತಿಂಗಳು ಬಂದು ನೀನು ಮರಳುವಾಗ ನಾನು ವಿಮಾನ ಹತ್ತಿರುತ್ತೇನೆ. ನಾನೇ ಅಲ್ಲಿಗೆ ಹೋಗಲೇ ಎಂದು ಅಮ್ಮನಲ್ಲಿ ಕೇಳಿದ್ದಕ್ಕೆ, "ನಾಚಿಕೆ ಇಲ್ವಾ ನಿಂಗೆ? ಊರವ್ರು ನಗ್ತಾರೆ" ಎಂದರು. ಕಡಲು ದಾಟಿ ಬಂದವನು ಹೆಜಮಾಡಿಯ ಬಸ್ಸು ಹತ್ತಬಾರದಂತೆ! ಡಿಸೆಂಬರಿನ ಮದುವೆಗೆ ಸಿಕ್ಕಿದ್ದು ಅಷ್ಟು ಸಣ್ಣ ರಜೆ, ಅದರಲ್ಲೂ ಅರ್ಧ ದಿನಗಳು ನೆಂಟರ ಮನೆಯ ಊಟಕ್ಕೇ ಹೋದವು. ನಿನ್ನನ್ನು ನೆನೆದರೆ ಈಗ ಮದುವೆಯ ಫೋಟೋದ ಮುಖವೇ ಬರುತ್ತದೆ, ನನಗೆ ಅದು ಸಾಲದು.

ನೀನು ಬಾ ಎಂದರೆ ಯಾರು ನಕ್ಕರೂ ಸರಿ, ನೇರ ನಿನ್ನ ತವರಿಗೇ ಬರುತ್ತೇನೆ. ಬೇಡ ಎಂದರೆ ರಜೆಯನ್ನು ಡಿಸೆಂಬರಿಗೆ ಹಾಕಿಸುತ್ತೇನೆ. ನೀನಿಲ್ಲದ ಮನೆಗೆ ಬಂದು ಏನು ಮಾಡಲಿ? ಮುಂದಿನ ವಾರ ಕಫೀಲ್‌ಗೆ ಹೇಳಬೇಕು, ಮೊಬೈಲಿನಲ್ಲಿ ಬರೆದು ಕಳಿಸು.

ಅಮ್ಮನಿಗೂ ಅತ್ತೆ ಮಾವನಿಗೂ ನಮಸ್ಕಾರ. ನಿನ್ನ ತಮ್ಮ ಶೈಲೇಶನಿಗೆ ಒಳ್ಳೆಯದಾಗಲಿ. ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ
ಸುಕುಮಾರ

ಮರೆತ ಮಾತು: ರಜೆ ಮುಂದೆ ಹೋಯಿತೆಂದು ನಾನು ಹೇಳಿದಾಗ ನೀನು "ಆಯ್ತು, ತೊಂದ್ರೆ ಇಲ್ಲ" ಎಂದೆ. ಒಲೆಯ ಮೇಲೆ ಸಾರು ಇದೆ ಎಂದು ನೀನೇ ಫೋನ್ ಇಟ್ಟೆ. ಅಂದು ಅಮ್ಮ ಮನೆಯಲ್ಲಿರಲಿಲ್ಲ, ರೂಮಿನಲ್ಲಿ ನಾನೂ ಒಬ್ಬನೇ ಇದ್ದೆ. ಒಂದು ಮಾತು ಬೈಯಬಾರದಿತ್ತೇ ನವ್ಯಾ? ನಾನಿಲ್ಲದೆ ನಿನಗೆ ಅಭ್ಯಾಸವಾಗಿಬಿಟ್ಟಿತೇ?