ಚಿನ್ನಕ್ಕನ ಗೇಣುದ್ದ ಸೀರೆ

೧೯೧೩ ಜನವರಿ ೬, ಸೋಮವಾರ. ಮೊಳಕಾಲ್ಮೂರು

ನಾನು ತಿರುವಿದ ಮುದ್ದೆ ಇವತ್ತೂ ಗಂಟುಗಂಟು. ಅಣ್ಣ ಕೊಟ್ಟೂರಪ್ಪ ಹಾಗೇ ನುಂಗಿ ಮಗ್ಗದ ಕುಣಿಗೆ ಇಳಿದ. ಅವನ ಮಗಳು ಚಿನ್ನಕ್ಕ ಮಾತ್ರ ಒಂದು ಗಂಟನ್ನು ಬೆರಳಲ್ಲಿ ಎತ್ತಿ ತೋರಿಸಿದಳು. "ಚಿಗಪ್ಪ, ಇದ್ರಾಗೆ ಹಿಟ್ಟು ಇನ್ನೂ ನಿದ್ದೆ ಮಾಡ್ತೈತೆ."

ಅತ್ತಿಗೆ ಉಚ್ಚಂಗೆಮ್ಮ ಜ್ವರದಲ್ಲಿ ಹೋಗಿ ನಾಲ್ಕು ತಿಂಗಳು. ಆಮೇಲೆ ಮಗು ತಮಾಷೆ ಮಾಡಿದ್ದು ಇದೇ ಮೊದಲು.

ನನ್ನ ಟ್ರಂಕು ಕಟ್ಟಿಯೇ ಇದೆ. ಬೊಂಬಾಯಿಯ ಗಿರಣಿ, ಇಲ್ಲವಾದರೆ ಕೋಲಾರದ ಗಣಿ... ಚಿತ್ರದುರ್ಗದಲ್ಲಿ ಹೈಸ್ಕೂಲುವರೆಗೆ ಓದಿ ಬಂದವನು ಈ ಕುಣಿಯಲ್ಲಿ ಕಾಲು ಇಳಿಬಿಟ್ಟು ಮುದುಕನಾಗಲಾರೆ. ಮಗ್ಗ ಮುಟ್ಟದೆ ಮೂರು ವರ್ಷವಾಯಿತು.

ಸಂಜೆ ಹಾಲೇಶಪ್ಪ ಮೇಷ್ಟ್ರು ಬಂದರು. ಹೆಣ್ಣುಮಕ್ಕಳ ಸ್ಕೂಲಿಗೆ ಇಪ್ಪತ್ತೊಂದಕ್ಕೆ ಇನ್ಸ್‌ಪೆಕ್ಟರ್ ಸಾಹೇಬರು. "ಪ್ರತಿ ಮಗೂ ಒಂದು ಕೈಕೆಲಸ ಮಾಡ್ಕಂಡು ಬರ್ಬೇಕು. ಮಗೂನೇ ಮಾಡ್ಬೇಕು ಮತ್ತೆ."

ಅಣ್ಣ ಕುಣಿಯಿಂದಲೇ ಹೇಳಿದ. "ಅವಳನ್ನ ಅವಳ ದೊಡ್ಡವ್ವ ರಾಯದುರ್ಗಕ್ಕೆ ಕರ್ಕಂಡು ಹೋಗ್ತೀನಿ ಅಂತಾವಳೆ ಮೇಷ್ಟ್ರೇ. ಲಾಳಿಗೆ ನೂಲು ಸುತ್ತೋದಾದ್ರೂ ಕಲೀಲಿ. ಇಲ್ಲಿ ಸ್ಲೇಟು ಹಿಡ್ಕಂಡು ಏನ್ ಕಡ್ದು ಕಟ್ಟೆ ಹಾಕ್ತಾಳೆ?"

"ಸಾಹೇಬ್ರು ಮೆಚ್ಚಿ ಎರಡನೇ ಕ್ಲಾಸಿಗೆ ಹಾಕಿದ್ರೆ?"

ಲಾಳಿ ನಿಂತಿತು.

"ಹಾಕಿದ್ರೆ ಇಲ್ಲೇ ಇರ್ಲಿ. ಆಮೇಲೆ ನಾನು ಬಾಯಿ ಬಿಡಲ್ಲ."

ಬಾಗಿಲ ಹಿಂದೆ ಚಿನ್ನಕ್ಕ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಜನವರಿ ೯, ಗುರುವಾರ

ಏನು ಮಾಡುತ್ತೀಯಾ ಎಂದು ಕೇಳಿದೆ. ಗೊಂಬೆ? ಚಾಪೆ?

"ಸೀರೆ."

"ಯಾರ್ದು?"

"ಅವ್ವನ್ದು. ಅವಳ ಜೊತೆ ಮಣ್ಣಿಗೆ ಹೋಯ್ತಲ್ಲ, ಆ ಹಸ್ರುದು."

ಎದ್ದು ಹೋಗಿ ಒಡೆದ ಸ್ಲೇಟಿನ ಚೌಕಟ್ಟು ಹುಡುಕಿ ತಂದೆ. ಎರಡು ಕಡೆ ಸಾಲಾಗಿ ಮೊಳೆ ಹೊಡೆದು ಉದ್ದಕ್ಕೆ ನೂಲಿನ ಹಾಸು ಎಳೆದೆ. ಅಣ್ಣನ ಮಗ್ಗದಿಂದ ಉಳಿದ ಹಸಿರು ರೇಷ್ಮೆ ನೂಲಿನ ತುಂಡುಗಳು ಬುಟ್ಟಿ ತುಂಬ ಇದ್ದವು. ಎಳೆ ಒಂದರ ಮೇಲೆ, ಒಂದರ ಕೆಳಗೆ ಎಂದು ತೋರಿಸಿಕೊಟ್ಟೆ. ನಾಲಿಗೆ ಹೊರಗೆ ಹಾಕಿಕೊಂಡು ಕೂತಳು, ಏಳು ವರ್ಷದ ಮುದುಕಿ.

"ಅಷ್ಟು ಎಳೀಬ್ಯಾಡ. ಎಳುದ್ರೆ ನಡುವೆ ಸೊಂಟ ಸಣ್ಣಾಗ್ತೈತೆ."

"ಸೀರೇಗೂ ಸೊಂಟ ಐತಾ ಚಿಗಪ್ಪ?"

ಕುಣಿಯಲ್ಲಿ ಅಣ್ಣ ಕೆಮ್ಮಿದ. ನಕ್ಕನೋ ಏನೋ.

ಜನವರಿ ೧೪, ಸಂಕ್ರಾಂತಿ

ಈ ವರ್ಷ ಹಬ್ಬವಿಲ್ಲ. ಪಕ್ಕದ ಮನೆಯವರು ಎಳ್ಳು ಕೊಟ್ಟರು.

ಚಿನ್ನಕ್ಕನ ಸೀರೆ ನಾಲ್ಕು ಬೆರಳಿನಷ್ಟು ಆಗಿದೆ. ಅಂಚು ಹಾವು ಹೋದ ಹಾಗೆ. ಅವಳಿಗೆ ಅದರ ಚಿಂತೆಯೇ ಇಲ್ಲ.

ಅಣ್ಣ ಇವತ್ತು ಒಂದು ಎಳೆ ತಪ್ಪಿದ್ದಕ್ಕೆ ಅರ್ಧ ಗೇಣು ಬಿಚ್ಚಿದ. ಅಪ್ಪನ ಕಾಲದಿಂದ ಈ ಮನೆಯ ಪದ್ಧತಿ ಅದು. ತಪ್ಪಿದ ಎಳೆ ದೀಪ ಹಚ್ಚುವ ಹೊತ್ತಿಗೆ ಮಗ್ಗದ ಮೇಲೆ ಇರಬಾರದು. ಇದೇ ವಿಷಯಕ್ಕೆ ಎಷ್ಟು ಏಟು ತಿಂದಿದ್ದೇನೆ ನಾನು.

ಜನವರಿ ೨೦, ಸೋಮವಾರ. ಮಧ್ಯಾಹ್ನ

ನಿನ್ನೆ ಮುಗಿಸಿದಳು. ಗೇಣುದ್ದ. ಬೆಳಿಗ್ಗೆ ಅಣ್ಣ ಅವಳನ್ನು ನುಂಕೇಮಲೆಯ ಗುಡಿಗೆ ಕರೆದುಕೊಂಡು ಹೋದ. ನಾಳೆ ಇನ್ಸ್‌ಪೆಕ್ಷನ್ ಅಲ್ಲವೇ, ಸಿದ್ದೇಶ್ವರನಿಗೆ ಒಂದು ಕಾಯಿ ಒಡೆಯಲಿಕ್ಕೆ. ಮಗಳು ಇಲ್ಲೇ ಉಳಿಯಲಿ ಎಂದು ಅವನಿಗೂ ಇದೆ.

ಮನೆಯಲ್ಲಿ ನಾನೊಬ್ಬನೇ. ಚೌಕಟ್ಟು ಕೈಗೆ ತೆಗೆದುಕೊಂಡೆ. ನಡುವೆ ಒಂದು ಕಡೆ ಹಳದಿ ಎಳೆ, ಓರೆಯಾಗಿ. ಹಸಿರು ಕೈಗೆ ಸಿಗದೆ ಹಳದಿ ಹಾಕಿಬಿಟ್ಟಿದ್ದಾಳೆ ಎಂದುಕೊಂಡೆ. ಸಾಹೇಬರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅದೊಂದನ್ನು ಸರಿ ಮಾಡೋಣ ಎಂದು ಕೂತೆ. ಹಳದಿ ತೆಗೆಯಬೇಕಾದರೆ ಮೇಲಿನದೆಲ್ಲ ಬಿಚ್ಚಬೇಕು. ಬಿಚ್ಚಿದೆ. ಬಿಚ್ಚಿದ ಮೇಲೆ ಕೆಳಗಿನ ಅಂಚೂ ಕಣ್ಣಿಗೆ ಚುಚ್ಚಿತು...

ಈಗ ಮುಗಿಯಿತು. ಮೊದಲಿಂದ ಕೊನೆಯವರೆಗೆ ನಾನೇ ಮತ್ತೆ ನೇಯ್ದೆ. ಎರಡು ಕಡೆಯ ಅಂಚೂ ಗೆರೆ ಎಳೆದ ಹಾಗಿದೆ. ನನ್ನ ಕೈ ಏನನ್ನೂ ಮರೆತಿಲ್ಲ. ಖುಷಿಯಾಯಿತು, ಸುಳ್ಳೇಕೆ ಬರೆಯಲಿ. ನೋಡಿ ಕುಣಿದಾಡುತ್ತಾಳೆ.

ಅದೇ ದಿನ, ಸಂಜೆ

ಕುಣಿದಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಹಿಂದೆ ತಿರುಗಿಸಿ ನೋಡಿದಳು.

"ಹಳದಿ ಎಲ್ಲಿ ಹೋಯ್ತು?"

"ಅದು ತಪ್ಪಿತ್ತಲ್ಲ ಕೂಸೇ, ತೆಗ್ದೆ."

"ತಪ್ಪಲ್ಲ. ಅವ್ವನ ಸೀರೇಲಿ ಇತ್ತು."

"ಎಲ್ಲಿ?"

ತನ್ನ ಮಂಡಿ ಮುಟ್ಟಿ ತೋರಿಸಿದಳು. "ಇಲ್ಲಿ. ಜಾಲಿ ಮುಳ್ಳಿಗೆ ಹರಿದಿತ್ತು. ಹಳದಿ ದಾರದಾಗೆ ಹೊಲ್ಕಂಡಿದ್ಲು."

ಆ ಸೀರೆ ನಾನು ಹತ್ತು ವರ್ಷ ಕಂಡಿದ್ದೇನೆ. ಹೊಲಿಗೆ ಕಂಡಿರಲಿಲ್ಲ. ಚಿನ್ನಕ್ಕ ತಲೆಯಿಟ್ಟು ಮಲಗುತ್ತಿದ್ದದ್ದು ಆ ಮಂಡಿಯ ಮೇಲೆ.

ಬಿಚ್ಚಿ ಮತ್ತೆ ಹಾಕೋಣ ಎಂದೆ. "ನಾಳೆಗೆ ನನ್ ಕೈಲಿ ಆಗಲ್ಲ ಚಿಗಪ್ಪ," ಎಂದಳು. ನನಗೇ ಸಮಾಧಾನ ಹೇಳುವ ಹಾಗೆ.

ಜನವರಿ ೨೧, ಮಂಗಳವಾರ

ಸ್ಕೂಲಿನ ಕಿಟಕಿಯ ಹೊರಗೆ ನಿಂತಿದ್ದೆ.

ಮೇಜಿನ ಮೇಲೆ ಮಣ್ಣಿನೆತ್ತು, ಬಟ್ಟೆ ಗೊಂಬೆ, ಮೂರು ಪೊರಕೆ. ಸಾಹೇಬರ ಪಕ್ಕದ ಕುರ್ಚಿಯಲ್ಲಿ ಊರ ದೊಡ್ಡವರೆಂದು ಸೀರೆ ವ್ಯಾಪಾರದ ಕಲ್ಲೇಶಪ್ಪನವರು. ಚಿನ್ನಕ್ಕನ ತುಂಡನ್ನು ಅವರೇ ಮೊದಲು ಎತ್ತಿಕೊಂಡರು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಏನ್ ಅಂಚ್ರೀ ಸ್ವಾಮಿ ಇದು! ಹತ್ತು ವರ್ಷ ಕುಣ್ಯಾಗೆ ಕುಂತೋನಿಗೂ ಇಂಥಾ ಅಂಚು ಬರಲ್ಲ."

ಹೊಗಳಿದ್ದೇ. ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಸಾಹೇಬರು ತುಂಡನ್ನು ನೋಡಿದರು, ಆಮೇಲೆ ಮಗುವಿನ ಬೆರಳು ನೋಡಿದರು.

"ನೀನೇ ಮಾಡಿದೆಯಾ ಮಗು?"

"ಮೊದ್ಲು ನಾನು ಮಾಡಿದ್ದೆ. ಅದು ಈಗ ಇಲ್ಲ."

"ಹಾಗಾದರೆ ಇದನ್ನು ಮಾಡಿದ್ದು ಯಾರು?"

ಚಿನ್ನಕ್ಕ ಕಿಟಕಿಯ ಕಡೆ ನೋಡಿದಳು. ನನ್ನನ್ನು ನೋಡಿದಳು. ಸಾಹೇಬರು ಕಾದರು. ಸಿಟ್ಟಿನ ಮನುಷ್ಯರಲ್ಲ, ನಿಜವಾಗಿಯೂ ಕಾದರು.

ಒಂದು ಮಾತು ಸಾಕಿತ್ತು. ಸ್ವಾಮಿ, ಕೆಡಿಸಿದವನು ನಾನು, ಅವಳದು ಇದಕ್ಕಿಂತ ಚೆನ್ನಾಗಿತ್ತು, ಚೌಕಟ್ಟು ಕೊಟ್ಟು ನೋಡಿ. ಹೇಳಲಿಲ್ಲ. ಒಳಗೆ ಅಷ್ಟೊಂದು ಜನ. ಕಲ್ಲೇಶಪ್ಪನವರು, ಮೇಷ್ಟ್ರು...

"ಗೊತ್ತಿಲ್ಲ ಸ್ವಾಮಿ," ಎಂದಳು.

ಸಾಹೇಬರು ತುಂಡನ್ನು ಪಕ್ಕಕ್ಕಿಟ್ಟು ಪುಸ್ತಕದಲ್ಲಿ ಬರೆದರು. "ಮಕ್ಕಳಿಗೆ ಹೀಗೆ ಸುಳ್ಳು ಕಲಿಸಬಾರದು ಮೇಷ್ಟ್ರೇ." ಅವಳನ್ನು ಒಂದನೇ ಕ್ಲಾಸಿನಲ್ಲೇ ಉಳಿಸಿದರು.

ನನ್ನ ಹೆಸರು ಅವಳ ಬಾಯಲ್ಲಿ ಬರಲಿಲ್ಲ.

ಜನವರಿ ೨೩

ಅಣ್ಣ ಬೈಯಲಿಲ್ಲ. "ಲೇ ಮುರುಗೇಂದ್ರ, ಮೂರು ವರ್ಷದಿಂದ ಬಡ್ಕಂತಿದೀನಿ, ಮಗ್ಗಕ್ಕೆ ಕೂತ್ಕಳೋ ಅಂತ. ಕೊನೇಗೆ ಕೂತೆ ನೋಡು. ಆ ಕೂಸಿನ ಮಗ್ಗಕ್ಕೆ."

ಅವಳನ್ನು ಇನ್ನೊಂದು ವರ್ಷ ಸ್ಕೂಲಿಗೆ ಬಿಡು ಎಂದು ಕೇಳಿಕೊಂಡೆ. ತಾನು ಮೇಷ್ಟ್ರಿಗೆ ಕೊಟ್ಟ ಮಾತು ಒಂದೇ, ರಾಯದುರ್ಗಕ್ಕೂ ಹೇಳಿ ಕಳಿಸಿಯಾಯಿತು ಎಂದ.

ಚೌಕಟ್ಟಿಗೆ ಹೊಸ ಹಾಸು ಎಳೆದೆ. ಹಸಿರು, ಹಳದಿ ಎರಡೂ ಅವಳ ಮುಂದಿಟ್ಟೆ.

"ನೀನೇ ನೇಯಿ ಚಿಗಪ್ಪ. ನಂಗೆ ಬರಲ್ಲ."

ಸಿಟ್ಟಿರಲಿಲ್ಲ. ಮಳೆ ಬರಲ್ಲ ಅನ್ನುವ ಹಾಗೆ ಹೇಳಿದಳು.

ಫೆಬ್ರವರಿ ೨, ಭಾನುವಾರ

ದೊಡ್ಡವ್ವ ಕಮಲಾಕ್ಷಮ್ಮ ಬಂದರು. ಒಳ್ಳೆಯ ಹೆಂಗಸು. ರಾಯದುರ್ಗಕ್ಕೆ ಬಾಡಿಗೆ ಹೊಡೆಯುವ ದೊಡ್ಡಪಾಲಯ್ಯನ ಎತ್ತಿನ ಗಾಡಿ.

ಮೇಷ್ಟ್ರು ಬೀದಿ ತುದಿಯವರೆಗೆ ಬಂದು ನಿಂತರು, ಹತ್ತಿರ ಬರಲಿಲ್ಲ. ಅಣ್ಣ ಕುಣಿ ಬಿಟ್ಟು ಏಳಲಿಲ್ಲ. ಲಾಳಿಯ ಸದ್ದು ಮಾತ್ರ, ಎಂದಿಗಿಂತ ಜೋರಾಗಿ.

ಗಾಡಿ ಎತ್ತರ. ಹತ್ತಲು ಆಗದೆ ಚಿನ್ನಕ್ಕ ನನ್ನ ಕಡೆ ಎರಡೂ ಕೈ ಚಾಚಿದಳು. ಎತ್ತಿ ಕೂರಿಸಿದೆ. ನಾನೇ ಎತ್ತಿ ಕೂರಿಸಿದೆ.

ಮಾರ್ಚ್ ೨೮, ಶುಕ್ರವಾರ

ಬೊಂಬಾಯಿಗೆ ಹೋಗಬೇಡವೆಂದು ಅಣ್ಣನೂ ಈಗ ಹೇಳುವುದಿಲ್ಲ. ಹೋಗಿಲ್ಲ.

ರಾಯದುರ್ಗದಿಂದ ದೊಡ್ಡಪಾಲಯ್ಯ ಬಂದಿದ್ದ. "ಹುಡುಗಿ ಸೆಂದಾಗವ್ಳೆ ಕಣಣ್ಣ. ನೂಲು ಸುತ್ತೋದ್ರಾಗೆ ಭಾಳ ಚುರುಕು."

"ಏನಾದ್ರೂ ಕೇಳಿದ್ಲಾ?"

"ಹೂಂ. ಈ ಊರಾಗೂ ಇನ್ಸ್‌ಪೆಕ್ಟ್ರು ಬರ್ತಾರಾ ಅಂತ ಕೇಳಿದ್ಲು."

"ನೀನೇನಂದೆ?"

"ಇಲ್ಲ ತಾಯಿ, ಹೆದರ್ಕಬ್ಯಾಡ, ಇಲ್ಲಿ ಯಾರೂ ಬರಲ್ಲ ಅಂದೆ."

ಅವನು ಭಾನುವಾರ ವಾಪಸು ಹೋಗುತ್ತಾನೆ. ಅವನ ಕೈಯಲ್ಲಿ ಒಂದು ಕಾಗದ ಕಳಿಸಬೇಕು. ದೊಡ್ಡವ್ವನ ಮನೆಯಲ್ಲಿ ಓದು ಬಲ್ಲವರಿಲ್ಲ, ಅವಳೇ ಕೂಡಿಸಿ ಕೂಡಿಸಿ ಓದಬೇಕು. ಸಣ್ಣ ಮಾತುಗಳು ಸಾಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಚಿನ್ನಕ್ಕ, ಆ ದಿನ ಸಾಹೇಬರು ಕೇಳಿದಾಗ ನಾನು ಕಿಟಕಿಯಲ್ಲಿ ನಿಂತಿದ್ದೆ. ನೀನು ನೋಡಿದೆ. ನಾನು...